ಆರ್‌ಓ ಟ್ಯೂಬಿಗೆ ಟಿ ಹಾಕಿ ಫ್ರಿಜ್ಜಿಗೆ ನೀರು ಕೊಟ್ರೆ ಐಸ್ ಯಾಕೆ ಗೇರುಬೀಜದಷ್ಟೇ ಬರುದು?

ಪ್ರಶ್ನೆ: ನಮ್ಮ ಮನೆ ಕಾಸರಗೋಡಿನ ಪೆರ್ಲದಿಂದ ಸ್ವಲ್ಪ ಒಳಗೆ. ಬಾವಿ ನೀರು, ಮೋಟರ್ ಹಾಕಿ ಟೆರೇಸಿನ ಟ್ಯಾಂಕಿಗೆ ಏರಿಸುದು. ಅಡುಗೆ ಮನೆಯಲ್ಲಿ ಗೋಡೆಗೆ ತೂಗಿಸಿದ ಸಾಧಾರಣ ಆರ್‌ಓ (ನೀರು ಶುದ್ಧ ಮಾಡುವ ಯಂತ್ರ) ಉಂಟು. ತಮ್ಮ ಗಲ್ಫಿನಿಂದ ಬಂದವ ಓಣಂ ಆಫರಿನಲ್ಲಿ ಎರಡು ಬಾಗಿಲಿನ ದೊಡ್ಡ ಫ್ರಿಜ್ ತೆಗೆದ, ಬಾಗಿಲಲ್ಲೇ ನೀರು, ಐಸ್ ಎಲ್ಲ ಬರುವಂಥದ್ದು, ಅದಕ್ಕೆ ಪೈಪ್ ಕನೆಕ್ಷನ್ ಬೇಕು. ಪ್ಲಂಬರ್ ಬಂದು ಆರ್‌ಓದ ಟ್ಯೂಬಿಗೆ ಒಂದು ಟಿ, ಅಂದ್ರೆ ನೀರನ್ನು ಎರಡು ಕವಲು ಮಾಡುವ ಜೋಡಣೆ, ಹಾಕಿ ಕೊಟ್ಟು ಹೋದ. ಈಗ ನೀರು ನೂಲಿನ ಹಾಗೆ ಬರುದು, ಐಸ್ ಗೇರುಬೀಜದಷ್ಟು ಸಣ್ಣ, ಒಳಗೆ ಪೊಳ್ಳು. ಫ್ರಿಜ್ ಹಾಳಾ, ಆರ್‌ಓ ಹಾಳಾ?

ಉತ್ತರ: ಅಕ್ಕಾ, ಎರಡೂ ಹಾಳಾಗ್ಲಿಲ್ಲ. ಎರಡನ್ನು ಸೇರಿಸಿದ ಕ್ರಮ ಸರಿ ಇಲ್ಲ ಅಷ್ಟೆ. ಪ್ಲಂಬರಿಗೆ ಬೈಬೇಡಿ, ನಮ್ಮ ಊರಲ್ಲಿ ಹತ್ತರಲ್ಲಿ ಎಂಟು ಜನ ಹೀಗೇ ಕೊಡುದು, ಟ್ಯೂಬ್ ಎರಡಕ್ಕೂ ಒಂದೇ ಸೈಜ್, ಕಾಲಿಂಚು, ಟಿ ಹಾಕಿದ್ರೆ ಚಂದ ಕೂತ್ಕೊಳ್ತದೆ, ನೀರೂ ಬರ್ತದೆ, ಹಾಗಾಗಿ ಸರಿಯಾಯ್ತು ಅಂತ ಕಾಣ್ತದೆ.

ವಿಷಯ ಎಂತ ಅಂದ್ರೆ ಈ ನಮೂನೆ ಫ್ರಿಜ್ಜುಗಳನ್ನು ಲೆಕ್ಕ ಹಾಕಿದ್ದು ಪೇಟೆಯ ಪೈಪಿನ ನೀರು ಒಳ್ಳೆ ಪ್ರೆಶರಿನಲ್ಲಿ ನೇರ ಮನೆ ಒಳಗೆ ಬರುವ ದೇಶಗಳಿಗೆ. ನಿಮ್ಮ ಫ್ರಿಜ್ಜಿನ ಒಟ್ಟಿಗೆ ಬಂದ ಪುಸ್ತಕ ತೆಗೆದು ಇನ್‌ಸ್ಟಾಲೇಶನ್ ಪುಟ ನೋಡಿ, ನೀರಿನ ಪ್ರೆಶರ್ ಇಷ್ಟರಿಂದ ಇಷ್ಟು ಇರ್ಬೇಕು ಅಂತ ಒಂದು ಸಾಲು ಇರ್ತದೆ. ಕೆಲವು ಕಂಪೆನಿಯವರು 20ರಿಂದ 120 ಪಿಎಸ್‌ಐ (ಪ್ರೆಶರ್ ಅಳೆಯುವ ಲೆಕ್ಕ) ಹೇಳ್ತಾರೆ, ಕೆಲವರು 30ಕ್ಕಿಂತ ಕಡಿಮೆ ಆಗುದಿಲ್ಲ ಹೇಳ್ತಾರೆ. ಆ ಸಾಲನ್ನು ಯಾರೂ ಓದುದಿಲ್ಲ. ನಾನೂ ಮೊದಲ ಎರಡು ಮೂರು ಫ್ರಿಜ್ ಕೂರಿಸುವಾಗ ಓದ್ಲಿಲ್ಲ.

ಈಗ ನಿಮ್ಮ ಟೆರೇಸಿನ ಟ್ಯಾಂಕಿ ಎಷ್ಟು ಪ್ರೆಶರ್ ಕೊಡ್ತದೆ ನೋಡುವ. ನೀರು 2.31 ಅಡಿ ಎತ್ತರ ನಿಂತ್ರೆ ಒಂದು ಪಿಎಸ್‌ಐ, ಲೆಕ್ಕ ಇಷ್ಟೆ, ಪೈಪ್ ದಪ್ಪವೋ ಸಪೂರವೋ, ಟ್ಯಾಂಕಿ ಐನೂರು ಲೀಟರಿಂದೋ ಎರಡು ಸಾವಿರದ್ದೋ ಅದು ಯಾವುದೂ ಮುಖ್ಯ ಅಲ್ಲ, ಎತ್ತರ ಮಾತ್ರ. ಮೇಲೆ ಮಹಡಿ ಇಲ್ಲದ ಮನೆ, ಟೆರೇಸಿನ ಮೇಲೆ ನಾಲ್ಕಡಿ ಸ್ಟ್ಯಾಂಡ್, ಫ್ರಿಜ್ಜಿನ ವಾಲ್ವ್ ಇರುದು ಹಿಂದೆ ಕೆಳಗೆ ನೆಲದ ಹತ್ರ, ಒಟ್ಟು 15 ಅಡಿ ಹಿಡಿಯಿರಿ. ಅಂದ್ರೆ ಆರೂವರೆ ಪಿಎಸ್‌ಐ. ಫ್ರಿಜ್ಜಿಗೆ ಕನಿಷ್ಠ 20 ಬೇಕಾದ್ರೆ ಟ್ಯಾಂಕಿ 46 ಅಡಿ ಮೇಲೆ ಇರ್ಬೇಕು, 30 ಬೇಕಾದ್ರೆ 69 ಅಡಿ. ತೆಂಗಿನ ಮರದ ತಲೆ ಮೇಲೆ ಟ್ಯಾಂಕಿ ಇಡ್ಬೇಕಷ್ಟೆ ಮಾರಾಯ್ರೆ.

"ಆದ್ರೆ ಆರ್‌ಓದ ಒಳಗೆ ಪಂಪ್ ಉಂಟಲ್ಲ" ಅಂತ ನೀವು ಕೇಳ್ಬಹುದು. ಉಂಟು, ಗುರ್ರ್ ಅಂತ ಶಬ್ದ ಮಾಡುದು ಅದೇ ಬೂಸ್ಟರ್ ಪಂಪ್. ಆದ್ರೆ ಅದರ ಬಲ ಎಲ್ಲ ನೀರನ್ನು ಮೆಂಬ್ರೇನಿನ (ಉಪ್ಪು ತಡೆಯುವ ತೆಳು ಪೊರೆ) ಮೂಲಕ ನುಗ್ಗಿಸ್ಲಿಕ್ಕೇ ಮುಗೀತದೆ, ಆಚೆ ಬದಿಯಿಂದ ನೀರು ಬರುದು ತೊಟ್ಟು ತೊಟ್ಟಾಗಿ, ಬಂದದ್ದು ಆರ್‌ಓದ ಒಳಗಿನ ಏಳೆಂಟು ಲೀಟರಿನ ಪ್ಲಾಸ್ಟಿಕ್ ಟ್ಯಾಂಕಿಗೆ ಬೀಳ್ತದೆ. ಆ ಟ್ಯಾಂಕಿ ತೆರೆದ ಪಾತ್ರೆ, ಒತ್ತಡ ಎಂತದ್ದೂ ಇಲ್ಲ. ನಿಮ್ಮಲ್ಲಿ ಟಿ ಹಾಕಿದ್ದು ಮೆಂಬ್ರೇನಿಗೂ ಈ ಟ್ಯಾಂಕಿಗೂ ನಡುವೆ ಅಂತ ಕಾಣ್ತದೆ. ನೀರು ಯಾವಾಗಲೂ ಸುಲಭದ ದಾರಿ ಹಿಡಿಯುದು, ತೆರೆದ ಟ್ಯಾಂಕಿ ಇರುವಾಗ ಅದು ಫ್ರಿಜ್ಜಿಗೆ ಯಾಕೆ ಹೋಗ್ತದೆ. ಇನ್ನು ಪೂರ್ತಿ ನೀರು ಫ್ರಿಜ್ಜಿಗೇ ಹೋಯ್ತು ಅಂತ ಇಟ್ಕೊಂಡ್ರೂ ಮನೆ ಆರ್‌ಓ ಗಂಟೆಗೆ 12 ಲೀಟರ್ ಕೊಡ್ತದೆ ಅಂದ್ರೆ ನಿಮಿಷಕ್ಕೆ 200 ಎಂಎಲ್. ಐಸ್ ಮೇಕರಿನ ವಾಲ್ವ್ ಗಡಿಯಾರದ ಲೆಕ್ಕದಲ್ಲಿ ಕೆಲಸ ಮಾಡುದು, ಕೆಲವೇ ಸೆಕೆಂಡು ತೆರೆದು ಮುಚ್ತದೆ, ಟ್ರೇ ತುಂಬಿತಾ ಇಲ್ವಾ ಅಂತ ಹಣಿಕಿ ನೋಡುದಿಲ್ಲ. ಏಳು ಸೆಕೆಂಡಿಗೆ ನಿಮ್ಮ ಟ್ರೇಗೆ ಬೀಳುದು 23 ಎಂಎಲ್, ಒಂದು ಸಣ್ಣ ಔಷಧಿ ಬಾಟ್ಲಿಯಷ್ಟು. ಗೇರುಬೀಜದ ಐಸ್ ಬರುದು ಹೀಗೆ.

ಸಣ್ಣ ಐಸ್ ಆದ್ರೆ ಹೋಗ್ಲಿ ಅಂತ ಬಿಡ್ಬಹುದಿತ್ತು. ಇದರಲ್ಲಿ ಇನ್ನೊಂದು ತೊಂದರೆ ಉಂಟು, ಅದು ಮೆಲ್ಲ ಗೊತ್ತಾಗುದು. ಫ್ರಿಜ್ಜಿನ ಹಿಂದಿನ ಸೊಲೆನಾಯ್ಡ್ ವಾಲ್ವ್ (ಕರೆಂಟಿನಿಂದ ತೆರೆಯುವ ವಾಲ್ವ್) ಗಟ್ಟಿ ಮುಚ್ಚಿಕೊಳ್ಳುದು ನೀರಿನ ಒತ್ತಡದಿಂದಲೇ, ಹಿಂದಿನಿಂದ ನೀರು ಒತ್ತಿದ್ರೆ ಮಾತ್ರ ಅದರ ರಬ್ಬರ್ ಪದರ ಸೀಟಿನ ಮೇಲೆ ಸರಿ ಕೂತ್ಕೊಳ್ಳುದು. ಒತ್ತಡ ಕಡಿಮೆ ಇದ್ರೆ ಅರ್ಧಂಬರ್ಧ ಮುಚ್ತದೆ, ತೊಟ್ಟು ತೊಟ್ಟು ಇಳೀತಾ ಇರ್ತದೆ, ಆ ತೊಟ್ಟು ಫ್ರೀಜರಿನ ಒಳಗೆ ನೀರು ಬೀಳುವ ಕೊಳವೆಯ ಬಾಯಲ್ಲೇ ಗಟ್ಟಿಯಾಗಿ ಬಿರಡೆ ಹಾಕಿದ ಹಾಗೆ ಆಗ್ತದೆ, ಮತ್ತೆ ಐಸ್ ಬರುದೇ ಇಲ್ಲ. ಆಗ ಸರ್ವಿಸಿನವ ಬಂದು ವಾಲ್ವ್ ಹೋಗಿದೆ ಬದಲಿಸ್ಬೇಕು ಹೇಳ್ತಾನೆ, ಬದಲಿಸಿದ್ರೂ ಎರಡು ತಿಂಗಳಲ್ಲಿ ಪುನಃ ಅದೇ ಕತೆ. ಹಾಗಾಗಿ ನೀವು ಈಗ ಮೊದಲು ಮಾಡ್ಬೇಕಾದ್ದು, ಆ ಟಿಯ ಹತ್ರ ಫ್ರಿಜ್ಜಿಗೆ ಹೋಗುವ ಲೈನ್ ಬಂದ್ ಮಾಡಿ, ಫ್ರಿಜ್ಜಿನಲ್ಲಿ ಐಸ್ ಮೇಕರ್ ಆಫ್ ಮಾಡಿ ಇಡಿ.

ಯಾರಾದ್ರೂ ಬಂದು "ಆರ್‌ಓದ ಟ್ಯಾಂಕಿ ತಪ್ಪಿಸಿ ಮೆಂಬ್ರೇನಿಂದ ನೇರ ಫ್ರಿಜ್ಜಿಗೇ ಕೊಡುವ" ಅಂದ್ರೆ ಒಪ್ಪಬೇಡಿ. ಈ ಬುದ್ಧಿವಂತಿಕೆ ನಾನು ಒಮ್ಮೆ ಮಾಡಿದ್ದೇನೆ, ಕುಂಬಳೆ ಹತ್ರ ಒಂದು ಮನೆಯಲ್ಲಿ. ಟ್ಯಾಂಕಿ ತುಂಬಿದ್ರೆ ಪಂಪ್ ನಿಲ್ಲಿಸುದು ಅದರ ಒಳಗೆ ತೇಲುವ ಸ್ವಿಚ್, ಫ್ಲೋಟ್. ಟ್ಯಾಂಕಿ ತಪ್ಪಿಸಿದ್ರೆ ಪಂಪಿಗೆ ನಿಲ್ಲು ಅಂತ ಹೇಳ್ಲಿಕ್ಕೆ ಯಾರೂ ಇಲ್ಲ. ಫ್ರಿಜ್ ವಾಲ್ವ್ ಮುಚ್ಚಿ ಕೂತಿದೆ, ಪಂಪ್ ರಾತ್ರಿ ಇಡೀ ಓಡಿದೆ, ಬಂದ ನೀರೆಲ್ಲ ವೇಸ್ಟ್ ಪೈಪಿನಲ್ಲಿ ಹೊರಗೆ. ಬೆಳಿಗ್ಗೆ ಆ ಮನೆಯ ಅಮ್ಮ ಫೋನ್ ಮಾಡಿ "ನೀನು ಫ್ರಿಜ್ಜಿಗೆ ನೀರು ಕೊಟ್ಟದ್ದಾ, ನಮ್ಮ ಬಸಳೆ ಚಪ್ಪರಕ್ಕೆ ಕೊಟ್ಟದ್ದಾ" ಅಂತ ಕೇಳಿದ್ರು. ನನ್ನ ಹತ್ರ ಉತ್ತರ ಇರ್ಲಿಲ್ಲ.

ಸರಿ, ಹಾಗಾದ್ರೆ ಎಂತ ಮಾಡುದು. ಅದಕ್ಕಿಂತ ಮೊದಲು ನಾನು ನಿಮ್ಮ ಹತ್ರ ಒಂದು ಕೇಳ್ತೇನೆ, ನಿಮಗೆ ಆರ್‌ಓ ಯಾರು ಹೇಳಿದ್ದು? ಪೆರ್ಲ, ಬದಿಯಡ್ಕ, ಬಾಯಾರು, ಮುಳ್ಳೇರಿಯ ಈ ಒಳಗಿನ ಮುರಕಲ್ಲಿನ ಗುಡ್ಡೆಗಳಲ್ಲಿ ನಾನು ಟಿಡಿಎಸ್ (ನೀರಲ್ಲಿ ಕರಗಿದ ಉಪ್ಪು, ಖನಿಜ, ಲೀಟರಿಗೆ ಮಿಲಿಗ್ರಾಂ ಲೆಕ್ಕ) ಮೀಟರ್ ಅದ್ದಿದ ಬಾವಿ, ಸುರಂಗದ (ನೀರಿಗೆ ಅಂತ ಗುಡ್ಡೆಗೆ ಅಡ್ಡ ಕೊರೆದದ್ದು) ನೀರು ಹೆಚ್ಚಿನದ್ದೂ ನೂರರ ಒಳಗೆ, 40, 60 ಹೀಗೆ. ಕುಡಿಯುವ ನೀರಿನ ಭಾರತೀಯ ಮಾನದಂಡದಲ್ಲಿ 500ರವರೆಗೆ ಎಂತ ತೊಂದರೆಯೂ ಇಲ್ಲ. 2019ರಲ್ಲಿ ಹಸಿರು ನ್ಯಾಯಮಂಡಳಿ ಕೂಡ 500ಕ್ಕಿಂತ ಕಡಿಮೆ ಇರುವಲ್ಲಿ ಆರ್‌ಓ ಬಳಸದ ಹಾಗೆ ಮಾಡಿ ಅಂತ ಸರಕಾರಕ್ಕೆ ಹೇಳಿತ್ತು. ಆರ್‌ಓ ಇರುದು ಉಪ್ಪು ತೆಗಿಲಿಕ್ಕೆ. ನಲ್ವತ್ತರ ನೀರಿನಲ್ಲಿ ತೆಗಿಲಿಕ್ಕೆ ಉಪ್ಪು ಎಲ್ಲಿಂದ, ಇದ್ದ ಚೂರು ಖನಿಜವನ್ನೂ ತೆಗೆದು, ಒಂದು ಲೀಟರ್ ಕೊಡ್ಲಿಕ್ಕೆ ಎರಡು ಮೂರು ಲೀಟರ್ ಹೊರಗೆ ಬಿಟ್ಟು, ಅದೂ ಎಪ್ರಿಲ್ ಮೇಯಲ್ಲಿ ಬಾವಿಯ ತಳ ಕಾಣುವಾಗ!

ನಮ್ಮ ಮುರಕಲ್ಲಿನ ನೀರಿನ ನಿಜವಾದ ತೊಂದರೆ ಬೇರೆ. ಒಂದು, ಹುಳಿ ಗುಣ, ಪಿಎಚ್ ಆರೂವರೆಗಿಂತ ಕಡಿಮೆ ಇರುವ ಬಾವಿ ತುಂಬ ಉಂಟು. ಹಿತ್ತಾಳೆ ನಲ್ಲಿಯ ಕೆಳಗೆ ಸಿಂಕಿನಲ್ಲಿ ಹಸಿರು ನೀಲಿ ಕಲೆ ಕಂಡ್ರೆ ಅದೇ. ಎರಡು, ಕಬ್ಬಿಣ. ಒಂದು ಲೀಟರಿನಲ್ಲಿ 0.3 ಮಿಲಿಗ್ರಾಂ ದಾಟಿದ್ರೆ ಬಟ್ಟೆಯಲ್ಲಿ ಕಲೆ ಕಾಣ್ಲಿಕ್ಕೆ ಶುರು. ಸೇದುವಾಗ ಕನ್ನಡಿ ಹಾಗೆ ತಿಳಿ ಇರ್ತದೆ, ರಾತ್ರಿ ಬಿಳಿ ಬಾಲ್ದಿಯಲ್ಲಿ ಇಟ್ರೆ ಬೆಳಿಗ್ಗೆ ಅಡಿಯಲ್ಲಿ ಕೆಂಪು ಪುಡಿ. ಮೀಟರ್ ಇಲ್ಲದವರಿಗೆ ಹಳೆ ಉಪಾಯ ಉಂಟು, ಹಾಲು ಹಾಕದ ಚಾ ಮಾಡಿ ನೋಡಿ, ಕಬ್ಬಿಣ ಜಾಸ್ತಿ ಇದ್ರೆ ಚಾ ಶಾಯಿ ಹಾಗೆ ಕಪ್ಪಾಗ್ತದೆ. ಪೇರಳೆ ಎಲೆ ಜಜ್ಜಿ ಹಾಕಿದ್ರೂ ಅದೇ ಬಣ್ಣ, ಎರಡರಲ್ಲೂ ಇರುದು ಒಂದೇ ಚೊಗರು. ಇಂಥ ನೀರು ಫ್ರಿಜ್ಜಿಗೆ ಹೋದ್ರೆ ಐಸಿನ ನಡುವೆ ಹಳದಿ ಕಣ್ಣು ಬಿಟ್ಟ ಹಾಗೆ ಕಾಣ್ತದೆ.

ಮೂರನೇದು ಕ್ರಿಮಿ, ಇದು ಎಲ್ಲಕ್ಕಿಂತ ದೊಡ್ಡದು. ಕೇರಳದ ಕಟ್ಟಡ ನಿಯಮದಲ್ಲಿ ಬಾವಿಗೂ ಇಂಗುಗುಂಡಿಗೂ ಏಳೂವರೆ ಮೀಟರ್ ದೂರ ಬೇಕು ಅಂತ ಉಂಟು, ಐದು ಸೆಂಟ್ಸಿನ ಜಾಗದಲ್ಲಿ ಅದನ್ನು ಪಾಲಿಸಿದವರು ಎಷ್ಟು ಜನ ಅಂತ ನಿಮಗೂ ಗೊತ್ತು. ಟಿಡಿಎಸ್ ಮೀಟರ್ ಕ್ರಿಮಿಯನ್ನು ತೋರಿಸುದಿಲ್ಲ, ನೆನಪಿಡಿ, ಮೀಟರಿನಲ್ಲಿ 40 ಬಂದ ನೀರಿನಲ್ಲೂ ಕೋಲಿಫಾರ್ಮ್ (ಕೊಳಕು ಸೇರಿದ್ದರ ಗುರುತಿನ ಬ್ಯಾಕ್ಟೀರಿಯಾ) ಇರ್ಬಹುದು. ಅದೇ ರೀತಿ ಕೀಟನಾಶಕವನ್ನೂ ತೋರಿಸುದಿಲ್ಲ. ನಿಮ್ಮ ಎಣ್ಮಕಜೆ ಕಡೆಯವರು ಎಂಡೋಸಲ್ಫಾನ್ ವಿಷಯ ನನ್ನ ಹತ್ರ ಕೇಳದೆ ಇರುದಿಲ್ಲ, ಕೇಳುದು ನ್ಯಾಯವೇ, ಅಷ್ಟು ಅನುಭವಿಸಿದ ಊರು. ಒಳ್ಳೆ ಕಾರ್ಬನ್ ಬ್ಲಾಕ್ (ಒತ್ತಿ ಗಟ್ಟಿ ಮಾಡಿದ ಇದ್ದಿಲಿನ ಫಿಲ್ಟರ್) ಅಂಥ ವಸ್ತುಗಳನ್ನು ಹೀರ್ತದೆ, ಆದ್ರೆ ನೀರಲ್ಲಿ ಉಂಟಾ ಇಲ್ವಾ ಅಂತ ಹೇಳ್ಲಿಕ್ಕೆ ಲ್ಯಾಬೇ ಬೇಕು, ಅಂಗಡಿಯವನ ಮಾತು ಸಾಲದು. ಕ್ರಿಮಿ, ಕಬ್ಬಿಣ, ಪಿಎಚ್ ಮೂರನ್ನು ವಾಟರ್ ಅಥಾರಿಟಿಯ ಲ್ಯಾಬಿನಲ್ಲಿ ಮಾಡಿಸಿ. ಕ್ರಿಮಿ ಪರೀಕ್ಷೆಗೆ ಹಳೆ ಕೋಲಾ ಬಾಟ್ಲಿಯಲ್ಲಿ ನೀರು ಕೊಂಡೋಗ್ಬೇಡಿ, ಶುದ್ಧ ಮಾಡಿದ ಬಾಟ್ಲಿ ಅವರ ಹತ್ರವೇ ಕೇಳಿ ತಗೊಂಡು ಬೆಳಿಗ್ಗೆ ತುಂಬಿಸಿ ಕೂಡ್ಲೆ ಕೊಟ್ಟು ಬನ್ನಿ.

ನಿಮ್ಮ ನೀರು ನಾನು ಅಂದಾಜು ಮಾಡಿದ ಹಾಗೆ ಇದ್ರೆ, ಅಂದ್ರೆ ಉಪ್ಪಿಲ್ಲ, ಕಬ್ಬಿಣ ಕಡಿಮೆ, ಕ್ರಿಮಿ ಸ್ವಲ್ಪ, ನಾನು ನಿಮ್ಮಲ್ಲಿ ಆರ್‌ಓವನ್ನು ಮುಟ್ಟುದಿಲ್ಲ, ಅದು ಅದರ ಪಾಡಿಗೆ ಇರ್ಲಿ. ಟೆರೇಸಿನಿಂದ ಅಡುಗೆ ಮನೆಗೆ ಇಳಿಯುವ ಲೈನಿಂದ ಬೇರೆ ಒಂದು ಕವಲು ತೆಗೆದು, ಮೊದಲು ಒಂದು ಸಣ್ಣ ಪ್ರೆಶರ್ ಪಂಪ್, ಅದೂ ಪ್ರೆಶರ್ ಸ್ವಿಚ್ ಇದ್ದದ್ದು, ನೀರು ಬೇಕಾದಾಗ ತಾನೇ ಓಡಿ 40 ಪಿಎಸ್‌ಐ ಹತ್ರ ಬಂದ್ರೆ ತಾನೇ ನಿಲ್ಲುವಂಥದ್ದು. ಅದರ ನಂತರ ನೀರು ಹಿಂದೆ ಹೋಗದ ಹಾಗೆ ನಾನ್ ರಿಟರ್ನ್ ವಾಲ್ವ್, ಮತ್ತೆ 5 ಮೈಕ್ರಾನಿನ ಸ್ಪನ್ (ಕೆಸರು ಹಿಡಿಯುವ ಫಿಲ್ಟರ್) ಇರುವ ಬೌಲ್, ಮತ್ತೆ ಕಾರ್ಬನ್ ಬ್ಲಾಕ್, ಕೊನೆಗೆ ಯುವಿ, ಅಂದ್ರೆ ಅತಿನೇರಳೆ ಬೆಳಕಿನಲ್ಲಿ ಕ್ರಿಮಿ ಕೊಲ್ಲುವ ಬಲ್ಬ್. ಯುವಿ ಕೊನೆಗೇ ಇರ್ಬೇಕು, ಮೊದಲೇ ಇಟ್ರೆ ಕೆಸರಿನ ನೆರಳಿನಲ್ಲಿ ಕ್ರಿಮಿ ಅಡಗಿ ಪಾರಾಗ್ತದೆ, ಮತ್ತೆ ಕಬ್ಬಿಣ ಜಾಸ್ತಿ ಇದ್ರೆ ಯುವಿಯ ಗಾಜಿನ ಕೊಳವೆಗೆ ಕೆಂಪು ಪದರ ಹಿಡಿದು ಬೆಳಕೇ ಹೊರಗೆ ಬರುದಿಲ್ಲ, ಹೊರಗಿನ ಲೈಟು ಮಾತ್ರ ಉರೀತಾ ಇರ್ತದೆ. ಹಾಗೆ ಇದ್ದಲ್ಲಿ ಮೊದಲು ಕಬ್ಬಿಣದ ಫಿಲ್ಟರ್ ಬೇಕು, ಅದು ಇಡೀ ಮನೆಯ ಟ್ಯಾಂಕಿಗೆ ಹಾಕುವ ದೊಡ್ಡ ಕೆಲಸ, ಅಡುಗೆ ಮನೆಯ ಬೌಲಿನಿಂದ ಆಗುವಂಥದ್ದಲ್ಲ.

ಇನ್ನೊಂದು ಸಣ್ಣ ಉಪಾಯ ಹೇಳ್ತೇನೆ, ಯುವಿ ಮತ್ತು ಫ್ರಿಜ್ ಒಂದೇ ಲೈನಿನ ಕರೆಂಟಿನಲ್ಲಿ ಇಡಿ. ಒಂದನ್ನು ಇನ್ವರ್ಟರಿಗೆ ಹಾಕಿ ಇನ್ನೊಂದನ್ನು ಹೊರಗೆ ಬಿಡ್ಬೇಡಿ. ಮಳೆಗಾಲದಲ್ಲಿ ದಿನಕ್ಕೆ ನಾಲ್ಕು ಸಲ ಕರೆಂಟ್ ಹೋಗ್ತದೆ, ಯುವಿ ನಂದಿ ಫ್ರಿಜ್ ಮಾತ್ರ ಇನ್ವರ್ಟರಿನಲ್ಲಿ ಓಡಿದ್ರೆ ಕ್ರಿಮಿ ಇರುವ ನೀರೇ ಐಸಾಗುದು. ಎರಡೂ ಒಟ್ಟಿಗೆ ನಿಂತ್ರೆ ಫ್ರಿಜ್ಜಿನ ವಾಲ್ವೂ ಮುಚ್ಚಿರ್ತದೆ, ಹೆದರಿಕೆ ಇಲ್ಲ.

ಉಪ್ಪಳ, ಮಂಜೇಶ್ವರ, ಕುಂಬಳೆಯ ಕಡಲ ಬದಿಯವರಿಗೆ ಈ ಮಾತು ಆಗುದಿಲ್ಲ. ಅಲ್ಲಿ ಬೇಸಿಗೆಯಲ್ಲಿ ಬಾವಿಗೆ ಉಪ್ಪು ಹತ್ತಿದ್ರೆ ಆರ್‌ಓ ಬೇಕೇ ಬೇಕು. ಅಂಥವರು ಗೋಡೆಯ ಆರ್‌ಓ ಬಿಟ್ಟು ಸಿಂಕಿನ ಅಡಿಯಲ್ಲಿ ಕೂರುವ, ಪ್ರೆಶರ್ ಟ್ಯಾಂಕಿ ಇರುವ ಆರ್‌ಓ ತಗೊಳ್ಳಿ. ಆ ಟ್ಯಾಂಕಿಯ ಒಳಗೆ ರಬ್ಬರ್ ಚೀಲ, ಚೀಲದ ಹೊರಗೆ ಗಾಳಿ, ಖಾಲಿ ಇರುವಾಗ 7–8 ಪಿಎಸ್‌ಐ ಗಾಳಿ ಇರ್ಬೇಕು, ಸೈಕಲ್ ಪಂಪಿನಲ್ಲಿಯೂ ಹಾಕ್ಬಹುದು. ನೀರು ತುಂಬಿದ ಹಾಗೆ ಗಾಳಿ ಅದುಮಿ 30–40 ಆಗ್ತದೆ, ಫ್ರಿಜ್ಜಿಗೆ ಅಷ್ಟು ಸಾಕು. ಒಂದೇ ತಾಪತ್ರಯ, ನೆಂಟರು ಬಂದು ಒಬ್ಬರ ಹಿಂದೆ ಒಬ್ಬರು ನೀರು ತೆಗೆದ್ರೆ ಕೊನೆಯ ಲೋಟಗಳು ನಿಧಾನ, ಮತ್ತೆ ಟ್ಯಾಂಕಿ ತುಂಬ್ಲಿಕ್ಕೆ ಒಂದು ಗಂಟೆ ಬೇಕು. ಇದ್ದ ಗೋಡೆಯ ಆರ್‌ಓವನ್ನೇ ಉಳಿಸ್ಬೇಕು ಅಂತಿದ್ರೆ ಅದರ ಟ್ಯಾಂಕಿಯಿಂದ ನೀರು ಎಳೆಯುವ ಸಣ್ಣ 24 ವೋಲ್ಟಿನ ಪಂಪ್, ಪ್ರೆಶರ್ ಸ್ವಿಚ್ ಸೇರಿಸಿ ಕೊಡ್ಬಹುದು, ನಾನು ಕೊಟ್ಟಿದ್ದೇನೆ, ನಡೀತದೆ, ಆದ್ರೆ ಟ್ಯಾಂಕಿ ಖಾಲಿ ಆದ್ರೆ ಪಂಪ್ ಒಣಗಿ ಓಡದ ಹಾಗೆ ಇನ್ನೊಂದು ಫ್ಲೋಟ್ ಬೇಕು, ಅದನ್ನು ಮರೆಯುವವರೇ ಜಾಸ್ತಿ.

ಪಂಪೇ ಬೇಡದ ಮನೆಯೂ ಉಂಟು, ಹೇಳದೆ ಇರ್ಲಿಕ್ಕಾಗುದಿಲ್ಲ. ಬಾಯಾರಿನ ಹತ್ರ ಒಬ್ಬರು ಬಟ್ರ ಮನೆ, ಹಿತ್ತಿಲ ಹಿಂದೆಯೇ ಗುಡ್ಡೆ, ಮೇಲೆ ಸುರಂಗ, ಸುರಂಗದ ಬಾಯಲ್ಲಿ ಕಲ್ಲಿನ ತೊಟ್ಟಿ, ಅಲ್ಲಿಂದ ಪೈಪಿನಲ್ಲಿ ಮನೆಗೆ ನೀರು ತನ್ನಷ್ಟಕ್ಕೆ ಇಳಿದು ಬರ್ತದೆ, ಅಜ್ಜನ ಕಾಲದ ಸುರಂಗ. ಅವರಲ್ಲಿ ನಾನು ನಲ್ಲಿಗೆ ಪ್ರೆಶರ್ ಗೇಜ್ ಸಿಕ್ಕಿಸಿ ನೋಡಿದೆ, ಮುಳ್ಳು ಹೋಗಿ 28ರಲ್ಲಿ ನಿಂತಿತು. ಅರುವತ್ತೈದು ಅಡಿ ಎತ್ತರದ ಪುಣ್ಯ. ಅವರು "ಇದಕ್ಕೆ ಬಿಲ್ ಯಾರಿಗೆ ಕಟ್ಟುದು, ಅಜ್ಜನಿಗಾ" ಅಂತ ನಗಾಡಿದ್ರು. ಸ್ಪನ್, ಕಾರ್ಬನ್, ಯುವಿ ಹಾಕಿ ನೇರ ಫ್ರಿಜ್ಜಿಗೆ ಕೊಟ್ಟೆ, ಐಸ್ ಚೌಕ ಚೌಕ ಬಿತ್ತು. ನಿಮ್ಮಲ್ಲಿಯೂ ಗುಡ್ಡೆ ಮೇಲೆ ತೋಟದ ಟ್ಯಾಂಕಿ ಇದ್ರೆ ಒಮ್ಮೆ ಗೇಜ್ ಹಾಕಿ ನೋಡಿ, ನೀರು ಹರಿಯುವಾಗಲೂ ಮುಳ್ಳು 20ರ ಮೇಲೆ ನಿಂತ್ರೆ ಪಂಪಿನ ಹಣ ಉಳೀತದೆ.

ಟ್ಯೂಬ್ ಹಾಕುವ ಕೆಲಸ ಸಣ್ಣದು, ಆದ್ರೆ ಮನೆ ಒದ್ದೆಯಾಗುದು ಇಲ್ಲೇ. ಬಿಳಿ ಟ್ಯೂಬನ್ನು ಅಡಕೆ ಕತ್ತರಿಯಲ್ಲಿ ಕಟ್ ಮಾಡಿದವರನ್ನು ನೋಡಿದ್ದೇನೆ, ಬಾಯಿ ಚಪ್ಪಟೆಯಾಗಿ ಓರೆಯಾಗ್ತದೆ, ಒಳಗಿನ ರಬ್ಬರ್ ರಿಂಗ್ ಹಿಡಿಯುದಿಲ್ಲ. ಹೊಸ ಬ್ಲೇಡಿನಲ್ಲಿ ನೇರಕ್ಕೆ ಕೊಯ್ದು, ಕೊನೆಯನ್ನು ಒದ್ದೆ ಮಾಡಿ ಕನೆಕ್ಟರಿಗೆ ತಳ್ಳಿ. ಮೊದಲು ಒಂದು ಕಡೆ ತಡೀತದೆ, ಹೆಚ್ಚಿನವರು ಅಲ್ಲೇ ಬಿಡ್ತಾರೆ, ಅದು ಹಲ್ಲು ಕಚ್ಚಿದ್ದಷ್ಟೆ, ಇನ್ನೂ ಸ್ವಲ್ಪ ಬಲ ಹಾಕಿದ್ರೆ ಮತ್ತೆ ಒಳಗೆ ಇಳಿದು ಗಟ್ಟಿ ನಿಲ್ತದೆ, ಅದು ಸರಿ ಜಾಗ. ತಳ್ಳುವ ಮೊದಲು ಟ್ಯೂಬಿಗೆ ಪೆನ್ನಲ್ಲಿ ಗುರುತು ಹಾಕಿದ್ರೆ ಕಣ್ಣಿಗೇ ಗೊತ್ತಾಗ್ತದೆ. ಕೊನೆಗೆ ಲಾಕ್ ಕ್ಲಿಪ್ ಸಿಕ್ಕಿಸಿ ಎಳೆದು ನೋಡಿ. ತಾಮ್ರದ ಟ್ಯೂಬ್ ಒಳ್ಳೇದು ಅಂತ ಯಾರಾದ್ರೂ ಹೇಳಿದ್ರೆ ಬೇಡ ಅನ್ನಿ, ನಮ್ಮ ಹುಳಿ ನೀರು, ಆರ್‌ಓ ನೀರು ಎರಡೂ ತಾಮ್ರವನ್ನು ತಿಂತದೆ. ಮತ್ತೆ ಇಲಿ! ತೋಟದ ನಡುವಿನ ಮನೆ, ಫ್ರಿಜ್ಜಿನ ಹಿಂದೆ ಬೆಚ್ಚಗೆ, ಟ್ಯೂಬ್ ಕಚ್ಚದೆ ಬಿಡುದಿಲ್ಲ, ಗೋಡೆ ಬದಿಯ ಉದ್ದಕ್ಕೂ ವಯರಿಂಗಿನ ಪಿವಿಸಿ ಪೈಪಿನ ಒಳಗೆ ತನ್ನಿ. ಫ್ರಿಜ್ಜಿನ ಹಿಂದೆ ಎರಡು ಮೀಟರ್ ಟ್ಯೂಬ್ ಸುರುಳಿ ಸುತ್ತಿ ಬಿಡಿ, ಗುಡಿಸ್ಲಿಕ್ಕೆ ಫ್ರಿಜ್ ಮುಂದೆ ಎಳೆಯುವಾಗ ಕಿತ್ತು ಬರ್ಬಾರ್ದು. ಕೈಗೆ ಸಿಗುವ ಜಾಗದಲ್ಲಿ ಒಂದು ಬಾಲ್ ವಾಲ್ವ್ ಇರ್ಲಿ, ಫ್ರಿಜ್ಜಿನ ಹಿಂದೆ ಅಲ್ಲ, ಸಿಂಕಿನ ಅಡಿಯಲ್ಲಿ.

ಫ್ರಿಜ್ಜಿನ ಒಳಗೇ ಒಂದು ಫಿಲ್ಟರ್ ಉಂಟಲ್ಲ, ಅದು ಸಾಕಾಗುದಿಲ್ವಾ ಅಂತ ಕೇಳುವವರಿದ್ದಾರೆ. ಅದು ಬರೀ ಕಾರ್ಬನ್, ಕ್ಲೋರಿನ್ ವಾಸನೆ ರುಚಿ ತೆಗಿಲಿಕ್ಕೆ, ಬಾವಿಯ ಕ್ರಿಮಿಗೆ ಅದರಿಂದ ಎಂತ ಆಗುದಿಲ್ಲ, ಪುಸ್ತಕದಲ್ಲೇ ಬರೆದಿರ್ತದೆ. ಹೊರಗೆ ಒಳ್ಳೆ ಕಾರ್ಬನ್ ಹಾಕಿದ ಮೇಲೆ ಒಳಗಿನದ್ದು ಹೆಚ್ಚಿಗೆ, ಪ್ರೆಶರೂ ತಿಂತದೆ. ನಿಮ್ಮ ಮಾಡೆಲಿಗೆ ಆ ಫಿಲ್ಟರಿನ ಬದಲು ಸಿಕ್ಕಿಸುವ ಬೈಪಾಸ್ ಪ್ಲಗ್ ಸಿಗ್ತದಾ ಕೇಳಿ, ಸಿಕ್ಕಿದ್ರೆ ಅದನ್ನು ಹಾಕಿ, ಆರು ತಿಂಗಳಿಗೊಮ್ಮೆ ಆ ದುಬಾರಿ ಫಿಲ್ಟರ್ ಹೊಸತು ತಗೊಳ್ಳುದು ತಪ್ತದೆ.

ಮೇ ಕೊನೆಗೆ ಬರುವ ಪತ್ತನಾಜೆ ಕಳೆದು ಮೊದಲ ಮಳೆ ಬಿದ್ದ ಕೂಡ್ಲೆ ಬಾವಿ ಕೆಂಪಾಗ್ತದೆ, ಆ ವಾರ ಸ್ಪನ್ ಬಿಚ್ಚಿ ನೋಡಿ, ಬೆಲ್ಲದ ಅಚ್ಚಿನ ಹಾಗೆ ಕಂಡ್ರೆ ಬಿಸಾಡಿ ಹೊಸತು ಹಾಕಿ, ತೊಳೆದು ಪುನಃ ಹಾಕುವ ಜಿಪುಣತನ ಬೇಡ. ಆಗಲೇ ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕುದೂ ಉಂಟು, ಸಾಧಾರಣಕ್ಕೆ 1000 ಲೀಟರಿಗೆ 2.5 ಗ್ರಾಂ. ಹಾಕಿದ ದಿನ ಫ್ರಿಜ್ಜಿನ ವಾಲ್ವ್ ಬಂದ್ ಇಡಿ, ಆ ಕ್ಲೋರಿನ್ ಕಾರ್ಬನ್ನಿಗೆ ಸುಮ್ಮನೆ ಹೊರೆ, ಆರ್‌ಓ ಇದ್ದವರಿಗಂತೂ ಮೆಂಬ್ರೇನಿಗೇ ಪೆಟ್ಟು. ಯುವಿ ಬಲ್ಬ್ ಉರೀತಾ ಇದ್ರೂ ವರ್ಷಕ್ಕೊಮ್ಮೆ ಬದಲಿಸಿ, ಬೆಳಕು ಕಾಣ್ತದೆ ಆದ್ರೆ ಕ್ರಿಮಿ ಕೊಲ್ಲುವ ಶಕ್ತಿ ಇಳಿದಿರ್ತದೆ.

ಇಷ್ಟೆಲ್ಲ ಓದಿ ತಲೆಬಿಸಿ ಆದ್ರೆ ಪೈಪೇ ಕೊಡ್ಬೇಡಿ, ನನಗೆ ಬೇಜಾರಿಲ್ಲ. ಐಸ್ ಮೇಕರ್ ಆಫ್ ಮಾಡಿದ್ರೂ ಫ್ರಿಜ್ ಫ್ರಿಜ್ಜೇ, ನೀರು ಬಾಟ್ಲಿಯಲ್ಲಿ ಇಡಿ, ಐಸ್ ಟ್ರೇಯಲ್ಲಿ ಮಾಡಿ. ನಮ್ಮ ಮನೆಯಲ್ಲಿ ಇವತ್ತಿಗೂ ಬಂದವರಿಗೆ ಕೊಡುದು ಮಣ್ಣಿನ ಹೂಜಿಯ ನೀರು, ಒಂದು ತುಂಡು ಬೆಲ್ಲ. ಆದ್ರೆ ತಮ್ಮ ಅಷ್ಟು ಆಸೆಯಿಂದ ತಂದದ್ದು, ಅವ ರಜೆಗೆ ಬಂದಾಗ ಬಾಗಿಲಿಗೆ ಲೋಟ ಒತ್ತಿ ನೀರು ಕುಡೀಬೇಕು ಅಂತಿದ್ರೆ ಮೇಲೆ ಹೇಳಿದ ಹಾಗೆ ಮಾಡಿಸಿ, ಮತ್ತೆ ಲೈನ್ ಕೊಟ್ಟ ದಿನ ಬಾಗಿಲಿನ ನಲ್ಲಿಯಿಂದ ಹತ್ತು ಹದಿನೈದು ಲೀಟರ್ ನೀರು ಬಿಟ್ಟು ಗಿಡಕ್ಕೆ ಹಾಕಿ, ಮೊದಲಿಗೆ ಕಪ್ಪು ಕಾರ್ಬನ್ ಪುಡಿ, ಗಾಳಿ ಗುಳ್ಳೆ ಬರ್ತದೆ, ಹೆದರ್ಬೇಡಿ. ಮೊದಲ ದಿನದ ಐಸನ್ನೂ ಬಿಸಾಡಿ, ಮಕ್ಕಳು ಅಷ್ಟರಲ್ಲೇ ಬಾಯಿಗೆ ಹಾಕಿಯಾಗಿರ್ತದೆ, ಒಂದು ಕಣ್ಣು ಇಡಿ. ರಾತ್ರಿ ಮಲಗುವ ಮೊದಲು ಎಲ್ಲ ಜೋಡಣೆಯ ಅಡಿಯಲ್ಲಿ ಒಂದೊಂದು ತುಂಡು ನ್ಯೂಸ್‌ಪೇಪರ್ ಹಾಕಿ ಇಡಿ, ಬೆಳಿಗ್ಗೆ ಎಲ್ಲಿ ಒದ್ದೆ ಉಂಟೋ ಅಲ್ಲಿ ಪುನಃ ತಳ್ಳಿ. ಮೂರು ರಾತ್ರಿ ಪೇಪರ್ ಒಣಗಿಯೇ ಇದ್ರೆ ಫ್ರಿಜ್ಜನ್ನು ಗೋಡೆಗೆ ಸರಿಸ್ಬಹುದು.